ಬಲ್ಬ್ ಬದಲಿಸೋ ಮುಂಚೆ, ಕರೆಂಟು ಎಲ್ಲಿಗೆ ವಾಪಸ್ ಹೋಗ್ತಿದೆ ನೋಡಿ

"ಅಣ್ಣ, ಮೂರನೇ ಬಲ್ಬೂ ಹೋಗ್ಬುಡ್ತು. ಈಗ ಏನ್ ಮಾಡದು?"

ಹೋದ ಬೇಸಿಗೆಯಲ್ಲಿ, ಯುಗಾದಿ ಕಳೆದು ಹತ್ತು ಹದಿನೈದು ದಿನ ಆಗಿರಬೇಕು, ರಾತ್ರಿ ಎಂಟೂವರೆಗೆ ಬಂದ ವಾಯ್ಸ್ ಮೆಸೇಜ್ ಇದು. ಕಳಿಸಿದವನು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದ ಕಡೆಯ ಹುಡುಗ. ಚೆಂಡು ಹೂವಿಗೆ ಜೀವಾಮೃತ ಯಾವಾಗ ಕೊಡಬೇಕು ಅಂತ ಕೇಳೋಕೆ ನನ್ನ ನಂಬರ್ ಇಟ್ಟುಕೊಂಡಿದ್ದವನು, ಈಗ ತೋಟದ ಮನೆ ಲೈಟಿನ ವಿಚಾರಕ್ಕೂ ನನ್ನನ್ನೇ ಕೇಳ್ತಿದ್ದ. ಜೊತೆಗೆ ಒಂದು ಫೋಟೋ. ಸೂರಿಗೆ ಹೊಡೆದ ಹೋಲ್ಡರ್, ಅದರಲ್ಲಿ ಒಂದು ಎಲ್‌ಇಡಿ ಬಲ್ಬ್, ಕೆಳಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಬರಿಗಾಲಲ್ಲಿ ನಿಂತಿರೋ ಅವನ ತಮ್ಮ. ಬೆಳಕು ಮೊಬೈಲ್ ಟಾರ್ಚಿನದು.

ನಾನು ಮೊದಲು ಬರೆದದ್ದು, "ತಮ್ಮನ್ನ ಕೆಳಗೆ ಇಳಿಸು." ಎರಡನೆಯದು, "ಮೂರೂ ಬಲ್ಬನ್ನ ಊರ ಮನೆಗೆ ತಕ್ಕೊಂಡು ಹೋಗಿ, ಉರೀತಿರೋ ಹೋಲ್ಡರಿಗೆ ಒಂದೊಂದಾಗಿ ಹಾಕಿ ನೋಡು."

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. ಮೂರೂ ಉರಿದವು.

ಅಂದ್ರೆ ಹೋಗಿದ್ದು ಬಲ್ಬ್ ಅಲ್ಲವೇ ಅಲ್ಲ. ಅಷ್ಟೊತ್ತಿಗೆ ಅವನು ಹೊಸ ಬಲ್ಬಿಗೆ ದುಡ್ಡು ಹಾಕಿದ್ದ, ಹೋಲ್ಡರ್ ಬದಲಿಸಿದ್ದ, ಸ್ವಿಚ್ಚನ್ನೂ ಬಿಚ್ಚಿ ನೋಡಿದ್ದ. ಯೂಟ್ಯೂಬಲ್ಲಿ ನಾಲ್ಕು ವಿಡಿಯೋ ನೋಡಿಯೇ ಮಾಡಿದ್ದನಂತೆ.

ನಾನು ಎಲೆಕ್ಟ್ರಿಷಿಯನ್ ಅಲ್ಲ. ತೋಟಗಾರಿಕೆ ಓದಿ, ಈಗ ಅರಿಶಿನ, ಬಾಳೆ, ಸಾಂಬಾರ್ ಈರುಳ್ಳಿ ಬೆಳೀತಿರೋನು. ಆದರೂ ಈ ವಾರ ಇದನ್ನೇ ಬರೀತಿರೋದಕ್ಕೆ ಕಾರಣ ಇದೆ. ಎಲೆ ಹಳದಿ ಆಯ್ತು ಅಂದ ತಕ್ಷಣ ಅಂಗಡಿಗೆ ಹೋಗಿ ಬಾಟ್ಲಿ ತಂದು ಹೊಡೆಯೋರನ್ನ ನಾವು ಬೈತೀವಿ. ಬೇರು ಕಿತ್ತು ನೋಡಿದ್ಯಾ, ಒಂದು ಗಿಡಕ್ಕೋ ಇಡೀ ಸಾಲಿಗೋ, ನೀರು ನಿಲ್ಲೋ ಕಡೆಗೋ ದಿಬ್ಬದ ಕಡೆಗೋ, ಇಷ್ಟು ಕೇಳದೆ ಔಷಧಿ ಹೆಸರು ಹೇಳೋದಿಲ್ಲ. ಆದರೆ ಮನೇಲಿ ಲೈಟು ಕೆಟ್ಟಾಗ ನಾವೂ ಅದೇ ಬಾಟ್ಲಿ ಗಿರಾಕಿಗಳು. ಬಲ್ಬ್ ಹಾಕು, ಆಗಲಿಲ್ವಾ ಹೋಲ್ಡರ್ ಹಾಕು, ಆಗಲಿಲ್ವಾ ವೈರ್ ಎಳಿ. ಬೆಳೆಯಲ್ಲಿ ತಪ್ಪಿದರೆ ಒಂದು ಬೆಳೆ ಹೋಗುತ್ತೆ. ಇಲ್ಲಿ ಹಾಗಲ್ಲ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಗಿಡಕ್ಕೆ ಕೇಳೋದೇ: ಎಷ್ಟು ದೂರ ಹಬ್ಬಿದೆ? ಒಂದೇ ಲೈಟಾ, ಒಂದು ಕೋಣೆಯ ಲೈಟುಗಳಾ, ಇಡೀ ಮನೆಯಾ, ಬೀದಿಯೇ ಕತ್ತಲೆಯಾ? ಇದಕ್ಕೆ ಟೆಸ್ಟರೂ ಬೇಡ, ಸ್ಕ್ರೂಡ್ರೈವರೂ ಬೇಡ. ಹೊರಗೆ ಬಂದು ಪಕ್ಕದ ಮನೆ ನೋಡಿದರೆ ಸಾಕು.

ಬೀದಿಯೆಲ್ಲ ಕತ್ತಲಾಗಿದ್ದರೆ ಕೆಲಸ ನಿಮ್ಮದಲ್ಲ. ನಿಮ್ಮ ಮನೆ ಮಾತ್ರ ಕತ್ತಲಾಗಿದ್ದರೆ ಮೀಟರ್ ಬೋರ್ಡ್ ನೋಡಿ. ಎಂಸಿಬಿ ಬಿದ್ದಿದೆಯಾ, ಹಳೇ ಮನೆಯಾದರೆ ಪಿಂಗಾಣಿ ಫ್ಯೂಸಿನ ತಂತಿ ಕರಗಿದೆಯಾ. ಬಿದ್ದ ಎಂಸಿಬಿಯನ್ನ ಒಂದು ಸಲ ಎತ್ತಿ ನೋಡೋದು ಸರಿ. ಮತ್ತೆ ಬಿದ್ದರೆ ಅದು ಏನೋ ಹೇಳ್ತಿದೆ. ಎಲ್ಲಾ ಲೈಟು, ಪ್ಲಗ್ಗು ಆಫ್ ಮಾಡಿ ಎತ್ತಿ, ಆಮೇಲೆ ಒಂದೊಂದೇ ಆನ್ ಮಾಡುತ್ತಾ ಬನ್ನಿ. ಯಾವುದು ಹಾಕಿದಾಗ ಬಿತ್ತೋ ರೋಗ ಅಲ್ಲಿದೆ. ಬೀಳುತ್ತೆ ಅಂತ ಫ್ಯೂಸಿಗೆ ದಪ್ಪ ತಂತಿ ಸುತ್ತೋದು, 6 ಆಂಪಿಯರ್ ಎಂಸಿಬಿ ತೆಗೆದು 32ರದ್ದು ಹಾಕೋದು, ಇವೆರಡನ್ನೂ ನಮ್ಮ ಕಡೆ ಬುದ್ಧಿವಂತಿಕೆ ಅಂದುಕೊಂಡಿದ್ದಾರೆ. ಲೈಟಿಗೆ ಎಳೆದ ಸಣ್ಣ ವೈರು ಸೂರಿನೊಳಗೆ ಕಾದು, ತೆಂಗಿನ ಗರಿಗೋ ರೀಪಿಗೋ ಬೆಂಕಿ ಹತ್ತೋ ತನಕ ಆ ದಪ್ಪ ತಂತಿ ಸುಮ್ಮನೆ ನೋಡ್ತಾ ಕೂತಿರುತ್ತೆ.

ಇಡೀ ಮನೆಯ ವಿಚಾರದಲ್ಲಿ ಇನ್ನೊಂದು ಇದೆ. ಇದು ನಮ್ಮ ಹಳ್ಳಿಗಳಲ್ಲಿ ಬಹಳ ಸಾಮಾನ್ಯ, ಆದರೆ ವಿಡಿಯೋಗಳಲ್ಲಿ ಕಮ್ಮಿ ಕಾಣುತ್ತೆ. ಲೈಟು ಯಾವುದೂ ಉರಿಯಲ್ಲ, ಆದರೆ ಟೆಸ್ಟರ್ ಇಟ್ಟ ಕಡೆಯೆಲ್ಲ ಉರಿಯುತ್ತೆ. ಪ್ಲಗ್ಗಿನ ಎರಡೂ ತೂತಲ್ಲಿ ಉರಿಯುತ್ತೆ. "ಕರೆಂಟು ಜಾಸ್ತಿನೇ ಬತ್ತಾ ಅದ, ಲೈಟ್ ಯಾಕೆ ಹತ್ತಲ್ಲ?" ಅಂತ ಕೇಳ್ತಾರೆ. ಇದು ನ್ಯೂಟ್ರಲ್ ಕಿತ್ತುಹೋಗಿರೋ ಲಕ್ಷಣ. ಕರೆಂಟು ಫೇಸಿನಲ್ಲಿ ಬಂದು ನ್ಯೂಟ್ರಲಿನಲ್ಲಿ ವಾಪಸ್ ಹೋಗಬೇಕು. ಹೋಗೋ ದಾರಿ ಕಂಬದ ಹತ್ತಿರವೋ ಸರ್ವಿಸ್ ವೈರಿನ ಗಂಟಿನಲ್ಲೋ ಕಟ್ ಆದರೆ, ಬಂದ ಕರೆಂಟು ಆನ್ ಇರೋ ಬಲ್ಬ್, ಟಿವಿ ಮೂಲಕ ಹಾದು ನ್ಯೂಟ್ರಲ್ ವೈರಿಗೂ ಏರಿ ನಿಂತುಬಿಡುತ್ತೆ. ಹೋಗೋಕೆ ಜಾಗ ಇಲ್ಲ, ಕಾಯ್ತಾ ಇರುತ್ತೆ. ಸುರಕ್ಷಿತ ಅಂದುಕೊಂಡ ನ್ಯೂಟ್ರಲ್ಲೇ ಆಗ ಶಾಕ್ ಹೊಡೆಯುತ್ತೆ.

ಬೀದಿಯ ನ್ಯೂಟ್ರಲ್ಲೇ ಕಿತ್ತರೆ ಇನ್ನೂ ವಿಚಿತ್ರ. ಒಂದು ಮನೇಲಿ ಲೈಟು ಮಂಕು, ಎದುರು ಮನೇಲಿ ಕಣ್ಣು ಕುಕ್ಕೋ ಹಾಗೆ ಉರಿದು ಢಬ್ ಅನ್ನುತ್ತೆ. ಎರಡು ಮನೆಗೂ ಬೇರೆ ಬೇರೆ ಫೇಸು. ನ್ಯೂಟ್ರಲ್ ಇಲ್ಲದಾಗ ಎರಡು ಮನೆಯೂ ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಸಮನಾಗಿ ಅಲ್ಲ. ಕಮ್ಮಿ ಲೋಡ್ ಇರೋ ಮನೆಗೆ ಜಾಸ್ತಿ ಬೀಳುತ್ತೆ. ನೀವು ಒಂದೇ ಲೈಟು ಹಾಕಿಕೊಂಡು ಕೂತಿದ್ದರೆ 230 ಇರಬೇಕಾದ ಕಡೆ 300 ಮೀರಿ ಬರಬಹುದು. ಒಂದೇ ಸಂಜೆಯಲ್ಲಿ ಚಾರ್ಜರ್, ಟಿವಿ, ನಾಲ್ಕು ಬಲ್ಬ್ ಸುಟ್ಟವು ಅಂದರೆ ನನ್ನ ಅನುಮಾನ ಮೊದಲು ಇದರ ಮೇಲೆ. ಮಿಕ್ಸಿ ಹಾಕಿದ ತಕ್ಷಣ ಲೈಟು ಜೋರಾಗುತ್ತೆ ಅನ್ನೋದು ಇದರ ಮುನ್ಸೂಚನೆ. ಮಂಕಾಗೋದು ಸಾಮಾನ್ಯ, ಜೋರಾಗೋದು ಸಾಮಾನ್ಯ ಅಲ್ಲ. ಹಾಗೆ ಕಂಡರೆ ಮೇನ್ ಆಫ್ ಮಾಡಿ, ಎಲ್ಲಾ ಪ್ಲಗ್ ಕಿತ್ತು, 1912ಕ್ಕೆ ಫೋನ್ ಮಾಡಿ. ಆರ್‌ಆರ್ ನಂಬರ್ ಕೇಳ್ತಾರೆ. ಅದು ಬಿಲ್ಲಿನ ಮೇಲಿರುತ್ತೆ, ಆದರೆ ಕತ್ತಲಲ್ಲಿ ಬಿಲ್ ಹುಡುಕೋಕೆ ಆಗಲ್ಲ. ಇವತ್ತೇ ಒಂದು ಬಿಲ್ಲಿನ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ. ಕಂಬಕ್ಕೆ ಏಣಿ ಇಡೋ ಹುಡುಗರು ಪ್ರತಿ ಊರಲ್ಲೂ ಒಬ್ಬಿಬ್ಬರು ಇದ್ದಾರೆ. ಅವರಿಗೆ ಟೀ ಕುಡಿಸಿ ಹತ್ತಿಸೋ ಊರಿನವರ ಮೇಲೆ ನನಗೆ ಸಿಟ್ಟಿದೆ. ಲೈನ್‌ಮ್ಯಾನ್ ಬರೋದು ತಡ ಆಗುತ್ತೆ, ನಿಜ. ತಡ ಆದರೂ ಅವರು ಟಿಸಿ ಆಫ್ ಮಾಡಿ ಹತ್ತುತ್ತಾರೆ.

ಒಂದೇ ಲೈಟು ಕೆಟ್ಟಿದ್ದರೆ ಕೆಲಸ ನಿಮ್ಮ ಕೈಯಲ್ಲಿದೆ. ಹಂಗಳದ ಹುಡುಗನಿಗೆ ಹೇಳಿದ್ದೇ ಇಲ್ಲೂ. ಸಂಶಯದ ಬಲ್ಬನ್ನ ಉರಿಯೋ ಹೋಲ್ಡರಿಗೆ ಹಾಕಿ, ಉರಿಯೋ ಬಲ್ಬನ್ನ ಸಂಶಯದ ಹೋಲ್ಡರಿಗೆ ಹಾಕಿ. ಎರಡು ನಿಮಿಷದ ಕೆಲಸ, ಖರ್ಚಿಲ್ಲ. ಅಂಗಡಿಯಿಂದ ತಂದ ಹೊಸ ಬಲ್ಬ್ ಚೆನ್ನಾಗಿರುತ್ತೆ ಅನ್ನೋ ನಂಬಿಕೆ ಬೇಡ. ಎಲ್‌ಇಡಿ ಬಲ್ಬಿನೊಳಗೆ ಸಣ್ಣ ಸಣ್ಣ ಚಿಪ್ಪುಗಳು ಸಾಮಾನ್ಯವಾಗಿ ಸಾಲಾಗಿ ಜೋಡಿಸಿರುತ್ತವೆ, ಸೀರಿಯಲ್ ಸೆಟ್ ಥರ. ಒಂದು ಸುಟ್ಟರೆ ಸಾಲೇ ಹೋಗುತ್ತೆ. ಮೇಲಿನ ಬಿಳಿ ಟೋಪಿ ತೆಗೆದು ನೋಡಿದರೆ ಆ ಒಂದು ಚಿಪ್ಪಿನ ಮೇಲೆ ಕಪ್ಪು ಚುಕ್ಕಿ ಕಾಣುತ್ತೆ. ಹೋಲ್ಡರಿನಿಂದ ಬಿಚ್ಚಿದ ಮೇಲೆ ಮಾತ್ರ ತೆಗೀರಿ, ಉರೀವಾಗ ಅಲ್ಲ. ಇದನ್ನ ಕೊಲ್ಲೋದು ಶಾಖ. ಹೆಂಚಿನ ಸೂರಿಗೆ ಒತ್ತಿ ಹೊಡೆದಿದ್ದರೆ, ಮುಚ್ಚಿದ ಗಾಜಿನ ಬುಡ್ಡಿಯೊಳಗಿದ್ದರೆ, ಸೌದೆ ಒಲೆಯ ಮೇಲಿದ್ದರೆ, ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿದ್ದರೂ ಒಂದು ವರ್ಷಕ್ಕೇ ಮುಗೀಬಹುದು.

ಬಲ್ಬ್ ಸರಿ ಇದ್ದು ಹೋಲ್ಡರ್ ಉರಿಯದಿದ್ದರೆ, ನಮ್ಮ ಪಿನ್ ಹೋಲ್ಡರ್‌ಗಳಲ್ಲಿ ಹೆಚ್ಚಾಗಿ ಸ್ಪ್ರಿಂಗ್ ಸೋತಿರುತ್ತೆ. ಒಳಗಿನ ಎರಡು ಪಿನ್ನು ಕೆಳಗೇ ಕೂತಿರುತ್ತವೆ, ಬಲ್ಬಿಗೆ ತಾಗಲ್ಲ. ಇಲ್ಲಾ ಇರುವೆ ಗೂಡು ಕಟ್ಟಿರುತ್ತೆ, ಹಲ್ಲಿ ಸತ್ತಿರುತ್ತೆ, ಕರಿ ಕಟ್ಟಿರುತ್ತೆ. ಸ್ವಲ್ಪ ದುಡ್ಡಿನ ಹೋಲ್ಡರ್, ಬದಲಿಸೋದು ಸುಲಭ. ಬಿಚ್ಚೋ ಮುಂಚೆ ವೈರ್ ಯಾವುದು ಎಲ್ಲಿಗೆ ಅಂತ ಒಂದು ಫೋಟೋ ತೆಗೀರಿ. ಮೊಬೈಲು ಈ ಕೆಲಸಕ್ಕೆ ಟೆಸ್ಟರಿಗಿಂತ ಒಳ್ಳೇ ಸಾಧನ.

ಆದರೆ ಕೈ ಹಾಕೋ ಮುಂಚೆ ಒಂದು ಮಾತು, ಇದನ್ನ ನಾನು ಬಿದ್ದು ಕಲಿತದ್ದು. ಚಾಮರಾಜನಗರದ ಕಡೆಯ ನಮ್ಮ ಹಳೇ ಮನೆಯಲ್ಲಿ ನಡುಮನೆ ಲೈಟು ಕೆಟ್ಟಿತ್ತು. ಸ್ವಿಚ್ ಆಫ್ ಮಾಡಿದೆ, ಸ್ಟೂಲ್ ಹತ್ತಿದೆ, ಹೋಲ್ಡರಿನೊಳಗೆ ಸ್ಕ್ರೂಡ್ರೈವರ್ ಇಟ್ಟೆ. ಆಮೇಲೆ ನೆನಪಿರೋದು ನೆಲ. ಸೊಂಟ ಮೂರು ವಾರ ನೋವಿತ್ತು. ಸ್ವಿಚ್ ಆಫ್ ಇದ್ದರೂ ಹೇಗೆ? ವೈರಿಂಗ್ ಮಾಡಿದವರು ಸ್ವಿಚ್ಚನ್ನ ಫೇಸಿಗೆ ಕೊಡೋ ಬದಲು ನ್ಯೂಟ್ರಲಿಗೆ ಕೊಟ್ಟಿದ್ದರು. ಲೈಟು ಆರುತ್ತೆ, ಹೊತ್ತುತ್ತೆ, ಎಲ್ಲ ಸರಿಯಾಗೇ ಇರುತ್ತೆ. ಆದರೆ ಆಫ್ ಮಾಡಿದಾಗಲೂ ಹೋಲ್ಡರ್ ತನಕ ಫೇಸು ಬಂದು ಕೂತಿರುತ್ತೆ. ಇಪ್ಪತ್ತು ವರ್ಷ ಆ ಹೋಲ್ಡರ್ ಕೆಳಗೆ ನಾವು ಊಟ ಮಾಡಿದ್ದೀವಿ.

ಇದಕ್ಕೊಂದು ಗುರುತಿದೆ. ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಕತ್ತಲಲ್ಲಿ ಮಿಣಮಿಣ ಅಂತಿದ್ದರೆ ಸ್ವಿಚ್ಚು ನ್ಯೂಟ್ರಲಿನಲ್ಲಿ ಇರಬಹುದು. ಇಂಡಿಕೇಟರ್ ಇರೋ ಸ್ವಿಚ್ಚಿನಿಂದಲೂ, ಉದ್ದದ ವೈರುಗಳು ಒಟ್ಟಿಗೆ ಹೋಗಿದ್ದರೂ ಹೀಗಾಗುತ್ತೆ, ಹಾಗಾಗಿ ಖಚಿತ ಅನ್ನೋಕಾಗಲ್ಲ. ಹಳೇ ಗುಂಡು ಬಲ್ಬಲ್ಲಿ ಇದು ಕಾಣ್ತಿರಲಿಲ್ಲ. ಕಂಡರೆ ಎಲೆಕ್ಟ್ರಿಷಿಯನ್ ಬಂದಾಗ ತೋರಿಸಿ.

ಹಾಗಾಗಿ ಸ್ವಿಚ್ಚನ್ನ ನಂಬಬೇಡಿ, ಮೇನ್ ಆಫ್ ಮಾಡಿ. ಮೇನ್ ಆಫ್ ಆದ ಮೇಲೂ ಒಂದು ಬಾಕಿ ಇದೆ, ಇನ್ವರ್ಟರ್. ಈಗ ಅರ್ಧ ಊರಲ್ಲಿ ಇನ್ವರ್ಟರ್ ಇದೆ. ನೀವು ಮೇನ್ ಇಳಿಸಿದಿರಿ ಅಂದ್ರೆ ಅದಕ್ಕೆ ಕರೆಂಟು ಹೋಯ್ತು ಅಂತ ಅರ್ಥ. ಕಣ್ಣು ಮಿಟುಕಿಸೋದರೊಳಗೆ ಎದ್ದು ಅದೇ ಲೈಟಿಗೆ 230 ವೋಲ್ಟ್ ಕೊಡುತ್ತೆ. ಇನ್ವರ್ಟರನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ ಕಿತ್ತಿಡಿ. (ಮನೇಲಿ ಕೆಲವು ಲೈಟು ಮಾತ್ರ ಉರಿಯದೇ ಇದ್ದು, ಆ ಎಲ್ಲವೂ ಇನ್ವರ್ಟರ್ ಲೈನಿನವೇ ಆಗಿದ್ದರೆ, ಮೊದಲು ನೋಡಬೇಕಾದ್ದೂ ಅದನ್ನೇ. ಓವರ್‌ಲೋಡ್ ಆಗಿ ನಿಂತಿರುತ್ತೆ. ಯಾರೋ ಆ ಲೈನಿಗೆ ಮಿಕ್ಸಿ ಹಾಕಿರ್ತಾರೆ.)

ಟೆಸ್ಟರ್ ಉರಿಯಲಿಲ್ಲ ಅಂದ್ರೆ ಕರೆಂಟಿಲ್ಲ ಅನ್ನೋದೂ ಅರ್ಧ ಸತ್ಯ. ಸಂತೆಯಲ್ಲಿ ತಂದ ಟೆಸ್ಟರಿನ ಒಳಗಿನ ದೀಪವೇ ಸತ್ತಿರಬಹುದು, ಬಿಸಿಲಲ್ಲಿ ಕಾಣದೇ ಇರಬಹುದು. ಮೊದಲು ಕರೆಂಟ್ ಇರೋ ಕಡೆ ಇಟ್ಟು ಉರಿಯುತ್ತೆ ಅಂತ ನೋಡಿ, ಕೆಲಸದ ಜಾಗದಲ್ಲಿ ಇಡಿ, ಮತ್ತೆ ಕರೆಂಟ್ ಇರೋ ಕಡೆ ಇಟ್ಟು ನೋಡಿ. ಮೂರು ಸಲ. ನೀರು ಕಟ್ಟಿ ಬಂದು ಒದ್ದೆ ಕಾಲಲ್ಲಿ ಸ್ಟೂಲ್ ಹತ್ತಬೇಡಿ, ಅಲ್ಯೂಮಿನಿಯಂ ಏಣಿ ಬೇಡ. ರಾತ್ರಿ ಬಾಯಲ್ಲಿ ಮೊಬೈಲ್ ಕಚ್ಚಿಕೊಂಡು ಮಾಡೋ ಕೆಲಸ ಇದಲ್ಲ. ಒಂದು ರಾತ್ರಿ ಕತ್ತಲಲ್ಲಿ ಮಲಗಿದರೆ ಯಾರಿಗೂ ಏನೂ ಆಗಲ್ಲ.

ಈಗ ತೋಟದ ಮನೆಗೆ ಬರೋಣ. ಊರ ಮನೆಗೂ ತೋಟದ ಮನೆಗೂ ಬರೋ ಕರೆಂಟು ಒಂದೇ ಅಲ್ಲ, ಇದನ್ನ ನಮ್ಮ ಹುಡುಗರು ಮರೀತಾರೆ. ನಿರಂತರ ಜ್ಯೋತಿ ಯೋಜನೆ ಬಂದಾಗಿನಿಂದ ಊರಿನ ಲೈನು ಬೇರೆ, ಪಂಪ್‌ಸೆಟ್ ಲೈನು ಬೇರೆ. ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಗೊತ್ತಾದ ಕೆಲವು ಗಂಟೆ ಮಾತ್ರ. ಮಿಕ್ಕ ಹೊತ್ತು ತೋಟದ ಮನೆಗಳಿಗೆ ಬೆಳಕಿರಲಿ ಅಂತ ಓಪನ್ ಡೆಲ್ಟಾದಲ್ಲಿ ಸಿಂಗಲ್ ಫೇಸ್ ಕೊಡ್ತಾರೆ. ಅದು ಮೋಟಾರ್ ಓಡಿಸೋಕೆ ಅಲ್ಲ. ಆದರೆ ಕಂಡೆನ್ಸರ್ ಹಾಕಿ ಓಡಿಸ್ತೀವಿ. ನಾವು, ಅಂದ್ರೆ ನಾನೂ ಒಂದು ಕಾಲದಲ್ಲಿ. ಒಬ್ಬ ಓಡಿಸಿದರೆ ಆ ಟಿಸಿ ಕೆಳಗಿನ ಎಲ್ಲರ ವೋಲ್ಟೇಜೂ ಇಳಿಯುತ್ತೆ. ಸುಮಾರು 180ರ ಕೆಳಗೆ ಬಂದರೆ ಚೋಕ್ ಹಾಕಿದ ಹಳೇ ಟ್ಯೂಬ್‌ಲೈಟ್ ಎರಡೂ ತುದಿಯಲ್ಲಿ ಕೆಂಪಗಾಗಿ ಮಿಟುಕುತ್ತಾ ಒದ್ದಾಡುತ್ತೆ. ಟ್ಯೂಬು, ಸ್ಟಾರ್ಟರ್, ಚೋಕು ಮೂರನ್ನೂ ಬದಲಿಸಿ ದುಡ್ಡು ಕಳ್ಕೊಂಡವರನ್ನ ಕಂಡಿದ್ದೀನಿ. ಹತ್ತು ಗಂಟೆ ಮೇಲೆ ತಾನಾಗೇ ಸರಿ ಉರಿದರೆ ರೋಗ ಟ್ಯೂಬಲ್ಲಿಲ್ಲ, ಪಕ್ಕದ ತೋಟದ ಬೋರ್‌ವೆಲ್ಲಿನಲ್ಲಿದೆ.

ಹಂಗಳದ ಹುಡುಗನದು ಇದೂ ಆಗಿರಲಿಲ್ಲ. ಮರುದಿನ ಬೆಳಗ್ಗೆ ಗುಂಡ್ಲುಪೇಟೇಲಿ ಬೇರೆ ಕೆಲಸ ಇತ್ತು, ಹಾಗೇ ಹೋದೆ. ಒಂದು ಕೋಣೆಯ ತೋಟದ ಮನೆ, ಪಕ್ಕದಲ್ಲೇ ಮೋಟಾರ್ ಸ್ಟಾರ್ಟರ್, ಆಚೆ ಹಸು ಕಟ್ಟೋ ಜಾಗ. ಸ್ಟಾರ್ಟರ್ ಬೋರ್ಡಿಗೆ ಮೂರು ಫೇಸ್ ಮಾತ್ರ ಬಂದಿದೆ, ನ್ಯೂಟ್ರಲ್ ಇಲ್ಲ. ನಮ್ಮ ಬಹಳಷ್ಟು ಪಂಪ್‌ಸೆಟ್ಟುಗಳಲ್ಲಿ ಹೀಗೇ. ಒಂದು ಫೇಸಿನಿಂದ ಲೈಟಿಗೆ ವೈರ್ ಎಳೆದಿದ್ದಾರೆ. ಇನ್ನೊಂದು ವೈರ್ ಎಲ್ಲಿಗೆ ಹೋಗುತ್ತೆ ಅಂತ ನೋಡ್ತಾ ಹೋದೆ. ಗೋಡೆ ಇಳಿದು, ಕಲಗಚ್ಚಿನ ಬಾನಿ ಪಕ್ಕದಲ್ಲಿ ಮಣ್ಣಿಗೆ ಹೊಡೆದ ಒಂದು ಜಿಐ ಪೈಪಿನ ತುಂಡಿಗೆ ಸುತ್ತಿತ್ತು. ಅಷ್ಟೇ. ಮೇಲೆ ಟೇಪೂ ಇಲ್ಲ.

ಟಿಸಿ ಹತ್ತಿರ ನ್ಯೂಟ್ರಲನ್ನ ಭೂಮಿಗೆ ಕಟ್ಟಿರೋದರಿಂದ, ಫೇಸಿಗೂ ನೆಲಕ್ಕೂ ನಡುವೆ 230 ವೋಲ್ಟ್ ಇರುತ್ತೆ. ನೆಲವನ್ನೇ ತಂತಿ ಮಾಡಿಕೊಂಡರೆ ಲೈಟು ಉರಿಯುತ್ತೆ, ಒದ್ದೆ ಮಣ್ಣಿದ್ದರೆ. ಮಳೆಗಾಲ ಕಳೆದು ಮಾರ್ಚಿ ಬರೋ ಹೊತ್ತಿಗೆ ಪೈಪಿನ ಸುತ್ತಲ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಲೈಟು ಮೊದಲು ಮಂಕಾಯ್ತು, ಆಮೇಲೆ ಆರಿಹೋಯ್ತು. ಮೂರು ಬಲ್ಬ್ ಬದಲಿಸಿದ ಕತೆ ಇದು.

"ನೀರು ಹುಯ್ದ್ರೆ ಚೆನ್ನಾಗಿ ಉರೀತದ ಬುದ್ಧಿ," ಅಂದರು ಅವನ ಅವ್ವ. ಅವರು ಸಂಜೆ ಹಸು ಕರೆಯೋ ಮುಂಚೆ ಒಂದು ಚೊಂಬು ನೀರನ್ನ ಆ ಪೈಪಿನ ಬುಡಕ್ಕೆ ಹುಯ್ಯೋದು ಹೋದ ವರ್ಷದಿಂದ ರೂಢಿಯಂತೆ. ಬರಿಗಾಲಲ್ಲಿ. ಈ ವರ್ಷ ಮೊಣಕಾಲು ನೋವು ಅಂತ ಹತ್ತು ದಿನದಿಂದ ತೋಟಕ್ಕೆ ಬಂದಿರಲಿಲ್ಲ. "ಅಲ್ಲಿ ನಿಂತ್ರೆ ಕಾಲು ಜುಂ ಅಂತದ, ವಾಯು ಇರ್ಬೇಕು" ಅಂದರು. ಹಸು ಕೂಡ ಆ ಬಾನಿ ಹತ್ತಿರ ಬರೋಕೆ ಜಗ್ಗುತ್ತಿತ್ತಂತೆ. ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನೀವಾಳಿಸಿದ್ದರು.

ನನ್ನ ಕೈಕಾಲು ತಣ್ಣಗಾಯ್ತು. ಲೆಕ್ಕ ಹೇಳ್ತೀನಿ, ನೀವೇ ನೋಡಿ. 9 ವ್ಯಾಟಿನ ಎಲ್‌ಇಡಿ ಬಲ್ಬು 230 ವೋಲ್ಟಿನಲ್ಲಿ ಎಳೆಯೋದು ಹತ್ತಿರ ಹತ್ತಿರ 40 ಮಿಲಿಆಂಪಿಯರ್. ಮನುಷ್ಯನನ್ನ ಉಳಿಸೋಕೆ ಅಂತ ಹಾಕೋ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿದರೆ ಬೀಳಬೇಕು, ಅದಕ್ಕಿಂತ ಜಾಸ್ತಿ ಮೈಯಲ್ಲಿ ಹರಿದರೆ ಎದೆ ಬಡಿತ ತಪ್ಪಬಹುದು ಅಂತಲೇ ಆ ಅಂಕಿ. ಮಣ್ಣು ಒಣಗಿ ಲೈಟು ಆರಿದಾಗ ಕರೆಂಟು ಹೋಗಿಲ್ಲ. ಬಲ್ಬನ್ನ ದಾಟಿ ಬಂದು ಆ ಪೈಪಿನ ತುಂಡಿನಲ್ಲಿ ದಾರಿ ಕಾಯ್ತಿದೆ. ಯಾರಾದರೂ ಒದ್ದೆ ಕೈಯಲ್ಲಿ ಪೈಪು ಹಿಡಿದರೆ ಅವರೇ ದಾರಿ. ಬಲ್ಬ್ ಉರಿದರೂ ಉರಿದೀತು, ಅವರ ಮೈ ಮೂಲಕ. ಎಂಸಿಬಿ ಬೀಳಲ್ವಾ ಅಂತೀರಾ? 6 ಆಂಪಿಯರ್ ಅಂದರೆ 6000 ಮಿಲಿಆಂಪಿಯರ್. ಫ್ಯೂಸಿಗೂ ಎಂಸಿಬಿಗೂ ಮನುಷ್ಯನ ಪ್ರಾಣ ಲೆಕ್ಕಕ್ಕೇ ಇಲ್ಲ, ಅವು ವೈರನ್ನ ಕಾಯೋಕೆ ಇರೋವು. ಅಂದಹಾಗೆ ಆರ್‌ಸಿಸಿಬಿ ಇರೋ ಕಡೆ ಇಂಥ ಲೈಟು ಹಾಕಿದರೆ ಅದು ತಕ್ಷಣ ಬೀಳುತ್ತೆ. ಆಗ ನಮ್ಮವರು ಆ ವೈರನ್ನ ತೆಗೆಯಲ್ಲ, ಆರ್‌ಸಿಸಿಬಿಯನ್ನ ಬೈಪಾಸ್ ಮಾಡ್ತಾರೆ.

ಇದು ಒಬ್ಬನ ತಪ್ಪಲ್ಲ ಅನ್ನೋದು ನನ್ನ ಅಭಿಪ್ರಾಯ, ಹಾಗಾಗೇ ಇಷ್ಟು ಬರೀತಿದ್ದೀನಿ. ತೆರಕಣಾಂಬಿಯಿಂದ ಬೇಗೂರಿನ ತನಕ ನಾನು ಹೋದ ತೋಟದ ಮನೆಗಳಲ್ಲಿ ಇಂಥ ಪೈಪು, ಇಂಥ ವೈರು ಎಷ್ಟೋ ಕಡೆ ಕಂಡಿದೆ. ಅಪ್ಪ ಹಾಕಿದ್ದು, ಅಣ್ಣ ಹಾಕಿದ್ದು, ಇಷ್ಟು ವರ್ಷ ಏನೂ ಆಗಿಲ್ಲ. 1902ರಲ್ಲೇ ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿ ತನಕ ತಂತಿ ಎಳೆದು ಕರೆಂಟ್ ಕೊಟ್ಟ ನಾಡು ಇದು. ನಾವು ಮಾತ್ರ ಹತ್ತು ಮೀಟರ್ ನ್ಯೂಟ್ರಲ್ ವೈರಿಗೆ ಬದಲು ಹಸುವಿನ ಕಾಲ ಕೆಳಗಿನ ಮಣ್ಣನ್ನ ಬಳಸ್ತಿದ್ದೀವಿ. ಕಾಡಂಚಿನಲ್ಲಿ ಇದೇ ಸ್ಟಾರ್ಟರ್ ಬೋರ್ಡಿನಿಂದ ಇನ್ನೊಂದು ವೈರು ಹಂದಿಗೆ ಅಂತ ಬೇಲಿಗೂ ಹೋಗುತ್ತೆ. ಅದು ಅಪರಾಧ. ಅದರಿಂದ ಆನೆಗಳೂ ಮನುಷ್ಯರೂ ಸತ್ತದ್ದನ್ನ ಪತ್ರಿಕೆಯಲ್ಲಿ ಓದ್ತಲೇ ಇದ್ದೀವಿ. ಆ ವಿಚಾರ ಇನ್ನೊಂದು ವಾರ.

ಎಲೆಕ್ಟ್ರಿಷಿಯನ್ ಕರೆಸಿ ಅಂದ್ರೆ ಹುಡುಗರು ನಗ್ತಾರೆ. ತೋಟದ ತನಕ ಬರೋಕೆ ಮೂರು ದಿನ, ಬಂದರೆ ಹೋಲ್ಡರಿನ ಹತ್ತು ಪಟ್ಟು ಕೂಲಿ. ಗೊತ್ತು. ಹಾಗಾಗೇ ಬಲ್ಬು, ಹೋಲ್ಡರು, ಬಿದ್ದ ಎಂಸಿಬಿ, ಇಷ್ಟನ್ನ ನಾವೇ ಕಲಿಯಬೇಕು ಅಂತೀನಿ. ಹೊಸ ವೈರ್ ಎಳೆಯೋದು, ನ್ಯೂಟ್ರಲ್, ಅರ್ಥಿಂಗ್, ಮೀಟರಿನ ಆಚೆಗಿನದು, ಇಷ್ಟಕ್ಕೆ ಲೈಸೆನ್ಸ್ ಇರೋರನ್ನ ಕಾಯಬೇಕು. ಗೆರೆ ಇದು. ಬೆಳಗ್ಗೆ ಬೈಕ್‌ನಲ್ಲಿ ಮೈಸೂರಿಗೆ ಹೋಗಿ ಬಾಳೆ ಸಸಿ ತರೋಕೆ ನಮಗೆ ಪುರುಸೊತ್ತಿರುತ್ತೆ. ಇದಕ್ಕೂ ಇರಬೇಕು.

ನನ್ನ ಇನ್ನೊಂದು ದೂರು ನಮಗೆ ಪಾಠ ಹೇಳೋರ ಮೇಲೆ. ನಾನು ನಾಲ್ಕು ವರ್ಷ ಕಾಲೇಜಲ್ಲಿ ಹನಿ ನೀರಾವರಿ ಕಲಿತೆ, ಪಂಪಿನ ಎಚ್‌ಪಿ ಲೆಕ್ಕ ಹಾಕೋದು ಕಲಿತೆ. ಸ್ಟಾರ್ಟರ್ ಬೋರ್ಡ್ ಮುಟ್ಟೋ ಮುಂಚೆ ಏನು ನೋಡಬೇಕು ಅಂತ ಒಂದು ಗಂಟೆ ಪಾಠ ಆದ ನೆನಪಿಲ್ಲ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾವೆಲ್ಲ ತರಬೇತಿಗೆ ಹೋಗ್ತೀವಿ. ಅಂಥ ಕಡೆ ಔಷಧಿ ಹೊಡೆಯೋವಾಗ ಮಾಸ್ಕ್ ಹಾಕೋದನ್ನ ಹೇಳಿಕೊಡೋ ಹಾಗೆ ಅರ್ಧ ದಿನ ಇದನ್ನೂ ಇಡಬೇಕು, ಜೊತೆಗೆ ಒಬ್ಬ ಲೈನ್‌ಮ್ಯಾನನ್ನ ಕರೆಸಿ. ಶಾಕ್ ಹೊಡೆದು ಅಂಟಿಕೊಂಡವನನ್ನ ಕೈಯಲ್ಲಿ ಎಳೆಯಬಾರದು, ಮೊದಲು ಮೇನ್ ಆಫ್ ಮಾಡಬೇಕು, ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು ಅನ್ನೋದು ಎಷ್ಟು ಜನಕ್ಕೆ ಗೊತ್ತು? ನೀವು ಕೇಳಿ, ನಾನೂ ಕೇಳ್ತೀನಿ. ಕೇಳದೆ ಯಾರೂ ಇಡಲ್ಲ.

ಮನೆಯ ವಿಚಾರಕ್ಕೆ ಇನ್ನೊಂದು ಸಣ್ಣ ಮಾತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಲ್ಲಿ ಬಿಲ್ಲು ಸೊನ್ನೆ, ಹಾಗಾಗಿ ಯಾರೂ ನೋಡಲ್ಲ. ಮೊದಲು ಬಿಲ್ ಜಾಸ್ತಿ ಬಂದರೆ ಎಲ್ಲೋ ಸೋರ್ತಿದೆ ಅಂತ ಅಪ್ಪ ಹುಡುಕ್ತಿದ್ದರು. ಈಗಲೂ ಬಿಲ್ಲಿನಲ್ಲಿ ಯೂನಿಟ್ ಇರುತ್ತೆ. ಎಲ್ಲಾ ಸ್ವಿಚ್ ಆಫ್ ಮಾಡಿ, ಪ್ಲಗ್ ಎಲ್ಲಾ ಕಿತ್ತು ಮೀಟರ್ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಮೀಟರಿನ ಕೆಂಪು ದೀಪ ಆಗಲೂ ಮಿಟುಕುತ್ತಾ ಇದ್ದರೆ ಕರೆಂಟು ಎಲ್ಲೋ ಹೋಗ್ತಿದೆ. ಹಲವು ಮೀಟರುಗಳಲ್ಲಿ ಭೂಮಿ ಕಡೆಗೆ ಹೋಗೋ ಕರೆಂಟಿಗೆ ಅಂತಲೇ ಇನ್ನೊಂದು ದೀಪ ಇರುತ್ತೆ. ಅದು ಉರೀತಿದ್ದರೆ ಫೋಟೋ ತೆಗೆದು ಎಲೆಕ್ಟ್ರಿಷಿಯನ್‌ಗೆ ಕಳಿಸಿ. ಫೋಟೋ ನೋಡಿದರೆ ಬೇಗ ಬರ್ತಾರೆ, ಇದು ನನ್ನ ಅನುಭವ.

ಹಂಗಳದಲ್ಲಿ ಅವತ್ತು ಸ್ಟಾರ್ಟರಿನ ಮೇನ್ ಇಳಿಸಿ, ಟೆಸ್ಟರ್ ಮೂರು ಸಲ ಇಟ್ಟು, ಲೈಟಿಗೆ ಹೋಗಿದ್ದ ಫೇಸ್ ವೈರನ್ನ ಬೋರ್ಡಿನಿಂದಲೇ ತೆಗೆಸಿದೆ. ಪೈಪು ಕೀಳೋಕೆ ಇಬ್ಬರು ಬೇಕಾಯ್ತು. ತೋಟದ ಮನೆಗೆ ಪ್ರತ್ಯೇಕ ಸಂಪರ್ಕ ಕೇಳಿ ಅರ್ಜಿ ಹಾಕು ಅಂದೆ, ಹಾಕಿದ. ಕಂಬ ದೂರ, ದಾಖಲೆಯಲ್ಲಿ ಇನ್ನೂ ತಾತನ ಹೆಸರು, ಹಾಗಾಗಿ ಅದಿನ್ನೂ ಓಡಾಟದಲ್ಲಿದೆ. ಅಲ್ಲೀತನಕ ಅಂತ 12 ವೋಲ್ಟಿನ ಸಣ್ಣ ಸೋಲಾರ್ ಲೈಟು ಹಾಕಿಸಿಕೊಂಡಿದ್ದಾನೆ. ಹಸು ಈಗ ಬಾನಿ ಹತ್ತಿರ ಬರುತ್ತಂತೆ. ಅವ್ವನಿಗೆ ಮಾತ್ರ ಸೋಲಾರ್ ಬೆಳಕು ಸಾಲದು, ಹಳೇದೇ ಜೋರಾಗಿ ಉರೀತಿತ್ತು ಅಂತ ನಾನು ಹೋದಾಗಲೆಲ್ಲ ಹೇಳ್ತಾರೆ.